ಆ್ಯಪಿನಲ್ಲಿ ಅಲ್ಪಸಂಖ್ಯಾತ ಭಾಷೆ: ಡ್ಯುಯೊಲಿಂಗೊದ ವೆಲ್ಶ್ ಪಾಠಗಳ ಒಂದು ಓದು

ಆ್ಯಪಿನ ಮೂಲಕ ಪರಭಾಷೆ ಕಲಿಯುವುದರ ಗುಣದೋಷಗಳ ಚರ್ಚೆ ಸಾಮಾನ್ಯವಾಗಿ ಕಲಿಯುವವರ ಸುತ್ತಲೇ ನಡೆಯುತ್ತದೆ: ಎಷ್ಟು ಪದಗಳು ಬಂದವು, ಉಚ್ಚಾರಣೆ ಸುಧಾರಿಸಿತೆ, ಮಾತನಾಡುವ ಧೈರ್ಯ ಮೂಡಿತೆ ಎಂಬಿವೇ ಅಲ್ಲಿಯ ಪ್ರಶ್ನೆಗಳು. ಫ್ರೆಂಚ್, ಸ್ಪ್ಯಾನಿಶ್‌ನಂತಹ ಭಾಷೆಗಳ ಮಟ್ಟಿಗೆ ಇಷ್ಟು ಸಾಕಾಗಬಹುದು. ಒಂದು ಆ್ಯಪು ಕೈಬಿಟ್ಟ ಮಾತ್ರಕ್ಕೆ ಆ ಭಾಷೆಗಳಿಗೆ ನಷ್ಟವೇನೂ ಇಲ್ಲ. ಆದರೆ ಮಾತನಾಡುವವರೇ ಕಡಿಮೆಯಿರುವ ಭಾಷೆಯೊಂದು ಆ್ಯಪಿನೊಳಗೆ ಬಂದಾಗ ಮತ್ತೊಂದು ಪ್ರಶ್ನೆ ಏಳುತ್ತದೆ: ಆ ಪಾಠಗಳು ಯಾರ ವಶದಲ್ಲಿವೆ? ಡ್ಯುಯೊಲಿಂಗೊದ ವೆಲ್ಶ್ ಪಾಠಸರಣಿಯ ಚರಿತ್ರೆ ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಮುಂದಿಡುತ್ತದೆ.

2021ರ ಜನಗಣತಿಯ ಪ್ರಕಾರ ವೇಲ್ಸ್‌ನಲ್ಲಿ ವೆಲ್ಶ್ ಬಲ್ಲವರು ಸುಮಾರು 5.38 ಲಕ್ಷ, ಅಂದರೆ ಜನಸಂಖ್ಯೆಯ ಶೇ. 17.8 ಮಾತ್ರ. 2050ರ ಹೊತ್ತಿಗೆ ಈ ಸಂಖ್ಯೆಯನ್ನು ಹತ್ತು ಲಕ್ಷಕ್ಕೆ ಏರಿಸುವುದು ಅಲ್ಲಿಯ ಸರಕಾರದ ಗುರಿ. ಮನೆಯಲ್ಲಿ ವೆಲ್ಶ್ ಕೇಳದೆ ಬೆಳೆದ ವಯಸ್ಕರು ಭಾಷೆಗೆ ಮರಳದೆ ಈ ಗುರಿ ಮುಟ್ಟುವುದು ಕಷ್ಟ. 2016ರ ಜನವರಿಯಲ್ಲಿ ಆರಂಭವಾದ ಡ್ಯುಯೊಲಿಂಗೊ ಪಾಠಗಳು ಅಂಥವರಿಗೆ ಒಂದು ಬಾಗಿಲನ್ನು ತೆರೆದವು.

ಈ ಬಾಗಿಲಿನ ಮಹತ್ವವನ್ನು ಕಡೆಗಣಿಸಲಾಗದು. ಅಜ್ಜ ಆಡುತ್ತಿದ್ದ, ಅಪ್ಪನಿಗೆ ಅರ್ಥವಾಗುತ್ತಿದ್ದ, ತನಗೆ ಬಾರದ ಭಾಷೆಯನ್ನು ಕಲಿಯಹೊರಟವರಿಗೆ ತರಗತಿಗಿಂತ ಮೊದಲು ಎದುರಾಗುವುದು ಸಂಕೋಚ. ಆ್ಯಪಿನ ಮುಂದೆ ತಪ್ಪಿದರೆ ನಗುವವರಿಲ್ಲ. ಪುನರಾವರ್ತನೆಯ ವಿಧಾನವೂ ಶಾಸ್ತ್ರೀಯವಾದದ್ದೇ. ಮರೆವು ಕಾಲಕ್ರಮದಲ್ಲಿ ಹೇಗೆ ಸಾಗುತ್ತದೆಂಬುದನ್ನು ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ಅಳೆದು ತೋರಿಸಿದ್ದ. ಕಲಿತದ್ದು ಮರೆಯುವ ಹೊತ್ತಿಗೆ ಅದನ್ನೇ ಮತ್ತೆ ಮುಂದಿಡುವ ಕೆಲಸವನ್ನು ಯಂತ್ರ ಬೇಸರಿಸದೆ ಮಾಡುತ್ತದೆ.

ವೆಲ್ಶ್ ವ್ಯಾಕರಣಕ್ಕೆ ಈ ತಾಳ್ಮೆ ವಿಶೇಷವಾಗಿ ಒದಗಿಬರುತ್ತದೆ. ‘ಮಳೆ’ಗೆ ‘ಕಾಲ’ ಸೇರಿದಾಗ ‘ಮಳೆಗಾಲ’ವಾಗುವುದು ಕನ್ನಡಿಗರಿಗೆ ಗೊತ್ತು. ವೆಲ್ಶ್‌ನಲ್ಲೂ ಪದದ ಮೊದಲ ಕ, ತ, ಪಗಳು ಗ, ದ, ಬಗಳಾಗುತ್ತವೆ. ಆದರೆ ಅಲ್ಲಿ ಈ ಮಾರ್ಪಾಟು ವ್ಯಾಕರಣದ ಭಾರವನ್ನೂ ಹೊರುತ್ತದೆ. ‘ಕಾಥ್’ ಎಂದರೆ ಬೆಕ್ಕು; ‘ಇ ಗಾಥ್’ ಎಂದರೆ ಅವನ ಬೆಕ್ಕು, ‘ಇ ಖಾಥ್’ ಎಂದರೆ ಅವಳ ಬೆಕ್ಕು. ಅವನು, ಅವಳು ಎಂಬ ಭೇದ ಉಳಿಯುವುದು ಬೆಕ್ಕಿನ ಮೊದಲಕ್ಷರದಲ್ಲಿ. ಇಂಥದ್ದು ನಿಯಮ ಓದಿ ನಾಲಗೆಗೆ ಬರುವುದಿಲ್ಲ. ನೂರು ಸಲ ಕೇಳಿ, ನೂರು ಸಲ ಬರೆದು ರೂಢಿಯಾಗಬೇಕು.

ದೋಷಗಳು ಆರಂಭವಾಗುವುದು ಅಭ್ಯಾಸದ ಸ್ವರೂಪದಲ್ಲಿ. ಲೂಯಿಸ್ ಫಾನ್ ಆನ್ ಮತ್ತು ಸೆವೆರಿನ್ ಹ್ಯಾಕರ್ ಕಟ್ಟಿದ ಈ ಆ್ಯಪಿನ ಮೊದಲ ಕಲ್ಪನೆಯಲ್ಲಿ, ಕಲಿಯುವವರು ಕಲಿಯುತ್ತಲೇ ಅಂತರ್ಜಾಲದ ಬರಹಗಳನ್ನು ಅನುವಾದಿಸಬೇಕಾಗಿತ್ತು. ಆ ಯೋಜನೆ ಮುಂದೆ ಕೈಬಿಟ್ಟುಹೋಯಿತು. ವಾಕ್ಯವನ್ನು ಅನುವಾದಿಸುವುದೇ ಕಲಿಕೆ ಎಂಬ ಗ್ರಹಿಕೆ ಮಾತ್ರ ಉಳಿಯಿತು. ವೆಲ್ಶ್ ಪಾಠಗಳಿಗೆ ಮಾಧ್ಯಮ ಇಂಗ್ಲಿಷ್. ವೆಲ್ಶ್‌ನ ‘ಟೀ’, ‘ಖೀ’ಗಳಲ್ಲಿ ನಮ್ಮ ‘ನೀನು’, ‘ನೀವು’ಗಳ ಅಂತರವಿದೆ, ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ. ಇಂಗ್ಲಿಷ್ ವಾಕ್ಯದಿಂದ ಹೊರಟ ವಿದ್ಯಾರ್ಥಿ ಯಾವುದನ್ನು ಬರೆದರೂ ಸರಿಯಾಗಬಹುದು. ಆದರೆ ಎದುರಿಗಿರುವವರು ಯಾರು, ಅವರನ್ನು ಹೇಗೆ ಕರೆಯಬೇಕು ಎಂಬ ತೀರ್ಮಾನವೇ ಅಲ್ಲಿ ಇಲ್ಲವಾಗುತ್ತದೆ. ಯಾವ ಭಾಷೆಯನ್ನು ಎದುರಿಸಿ ವೆಲ್ಶ್ ಉಳಿಯಬೇಕಾಗಿದೆಯೋ ಆ ಭಾಷೆಯೇ ಪ್ರತಿ ವಾಕ್ಯಕ್ಕೂ ಅಳತೆಗೋಲಾಗಿರುವುದು ಇಲ್ಲಿಯ ವಿಪರ್ಯಾಸ.

ಉಪಭಾಷೆಗಳ ಪ್ರಶ್ನೆ ಇದಕ್ಕೆ ಹೊಂದಿಕೊಂಡಿದೆ. ‘ಈಗ’ ಎನ್ನಲು ಉತ್ತರ ವೇಲ್ಸ್‌ನವರು ‘ರೂಅನ್’ ಎಂದರೆ ದಕ್ಷಿಣದವರು ‘ನೌರ್’ ಎನ್ನುತ್ತಾರೆ. ಉತ್ತರಗಳ ಪಟ್ಟಿಗೆ ಎರಡನ್ನೂ ಸೇರಿಸಬಹುದು. ಯಾವುದು ಎಲ್ಲಿಯದು, ಯಾರ ಬಾಯಿಯದು ಎಂಬುದನ್ನು ಪಟ್ಟಿ ಹೇಳಲಾರದು. ಹೇಳುತ್ತಿದ್ದದ್ದು ವಾಕ್ಯಗಳ ಕೆಳಗಿನ ಚರ್ಚೆ. ಕಲಿಯುವವರು ಅಲ್ಲಿ ಕೇಳುತ್ತಿದ್ದರು, ಬಲ್ಲವರು ಉತ್ತರಿಸುತ್ತಿದ್ದರು. ಆ ಚರ್ಚಾ ವಿಭಾಗವನ್ನು ಸಂಸ್ಥೆ 2022ರಲ್ಲಿ ಮುಚ್ಚಿತು. ಪಾಠಗಳಲ್ಲಿ ಮನುಷ್ಯರ ನಡುವೆ ಮಾತುಕತೆ ನಡೆಯುತ್ತಿದ್ದ ಜಾಗವೇ ಹೀಗೆ ಇಲ್ಲವಾಯಿತು.

ಒಡೆತನದ ಪ್ರಶ್ನೆ ಎದುರಾಗುವುದು ಇಲ್ಲಿ. ವೆಲ್ಶ್ ಪಾಠಗಳನ್ನು ಬರೆದವರು ಸಂಬಳದ ನೌಕರರಲ್ಲ, ಭಾಷಾಪ್ರೀತಿಯಿಂದ ದುಡಿದ ಸ್ವಯಂಸೇವಕರು. 2021ರಲ್ಲಿ ಸಂಸ್ಥೆ ಸ್ವಯಂಸೇವಾ ಯೋಜನೆಯನ್ನು ನಿಲ್ಲಿಸಿದಾಗ ವೆಲ್ಶ್ ಪಾಠಗಳ ಹೊಣೆಯನ್ನು ವೇಲ್ಸ್‌ನ ರಾಷ್ಟ್ರೀಯ ವೆಲ್ಶ್ ಕಲಿಕಾ ಕೇಂದ್ರ ಹೊತ್ತುಕೊಂಡಿತು. 2023ರ ಅಕ್ಟೋಬರ್ ಕೊನೆಗೆ ಸಂಸ್ಥೆ ಈ ಪಾಠಗಳ ಪರಿಷ್ಕರಣೆಯನ್ನೇ ನಿಲ್ಲಿಸಿತು. ಪಾಠಗಳು ಅಳಿಯಲಿಲ್ಲ, ಇದ್ದಲ್ಲೇ ನಿಂತವು. ಜನಪ್ರಿಯ ಭಾಷೆಗಳತ್ತ ಶ್ರಮವನ್ನು ತಿರುಗಿಸುವುದು ವ್ಯಾಪಾರದ ದೃಷ್ಟಿಯಿಂದ ಸಹಜ ನಿರ್ಧಾರ, ಅದನ್ನು ದ್ರೋಹವೆನ್ನಬೇಕಾಗಿಲ್ಲ. ಆದರೆ ಒಂದು ಸಮುದಾಯ ಬರೆದುಕೊಟ್ಟ ಪಾಠಗಳ ಬೆಳವಣಿಗೆಯನ್ನು ಆ ಸಮುದಾಯವನ್ನು ಕೇಳದೆಯೇ ನಿಲ್ಲಿಸಬಹುದು ಎಂಬುದು ಅದರಿಂದ ಖಚಿತವಾಯಿತು.

ವೇಲ್ಸ್ ಈ ಪೆಟ್ಟನ್ನು ತಾಳಿಕೊಳ್ಳಬಲ್ಲದು. ಅಲ್ಲಿ ಲ್ಲೀನ್ ಪರ್ಯಾಯದ್ವೀಪದ ಪಾಳುಬಿದ್ದ ಕಲ್ಲುಗಣಿಯ ಹಳ್ಳಿಯೊಂದು ಭಾಷಾಕೇಂದ್ರವಾಗಿ ಮರುಜೀವ ಪಡೆದಿದೆ. ವೆಲ್ಶ್ ದೂರದರ್ಶನ ವಾಹಿನಿಯಿದೆ, ವೆಲ್ಶ್ ಮಾಧ್ಯಮದ ಶಾಲೆಗಳಿವೆ. ಆ್ಯಪು ಅವುಗಳತ್ತ ಒಯ್ಯುವ ಹಲವು ದಾರಿಗಳಲ್ಲಿ ಒಂದು. ಇಂಥ ಆಧಾರಗಳು ತೆಳುವಾಗಿರುವ ಕಡೆ ಆ್ಯಪೊಂದೇ ದಾರಿಯಾದರೆ, ಅದು ನಿಂತ ದಿನ ಕಲಿಕೆಯೂ ನಿಲ್ಲುತ್ತದೆ.

ಗಡಿನಾಡ ಕನ್ನಡಕ್ಕೆ ಈ ಪಾಠ ದೂರದ್ದಲ್ಲ. ಅಕ್ಕಲಕೋಟೆಯ ಮರಾಠಿ ಮಾಧ್ಯಮದಲ್ಲಿ ಓದಿದ ಮಗುವಿಗೆ ‘ತೂ’, ‘ತುಮ್ಹೀ’ಗಳ ಮೂಲಕ ‘ನೀನು’, ‘ನೀವು’ ಸುಲಭವಾಗಿ ತಿಳಿಯುತ್ತವೆ. ಇಂಗ್ಲಿಷಿನ ಮೂಲಕ ಕನ್ನಡ ಕಲಿಸುವ ಆ್ಯಪು ಆ ಮಗುವಿನ ಕೈಯಲ್ಲಿರುವ ಬಂಡವಾಳವನ್ನೇ ಕಸಿದುಕೊಂಡು ಪಾಠ ಆರಂಭಿಸುತ್ತದೆ. ತಾಳವಾಡಿಯ ಮಗುವಿಗೆ ತಮಿಳು, ಕಾಸರಗೋಡಿನ ಮಗುವಿಗೆ ಮಲಯಾಳ, ಆದೋನಿಯ ಮಗುವಿಗೆ ತೆಲುಗು ಹಾಗೆಯೇ ಒದಗಿಬರಬಲ್ಲವು. ಮನೆಯಲ್ಲಿ ಅಜ್ಜಿ ಹೇಳುವ ‘ಮನ್ಯಾಗ’ ಎಂಬ ರೂಪ ತೆರೆಯ ಮೇಲೆ ತಪ್ಪುತ್ತರವೆಂದು ಕೆಂಪಾದರೆ, ಕಲಿಯುವವರು ಭಾಷೆಯನ್ನು ಪಡೆಯುತ್ತಲೇ ಅಜ್ಜಿಯನ್ನು ಕಳೆದುಕೊಳ್ಳುತ್ತಾರೆ.

ಆದ್ದರಿಂದ ಬೇಡವೆನ್ನಬೇಕಾದದ್ದು ಆ್ಯಪನ್ನಲ್ಲ, ಅದರ ಏಕಾಧಿಪತ್ಯವನ್ನು. ವಾಕ್ಯಗಳನ್ನು ಮತ್ತು ಧ್ವನಿಮುದ್ರಣಗಳನ್ನು ಸಮುದಾಯದ ಸಂಸ್ಥೆಯೊಂದು ತನ್ನ ಬಳಿಯೇ ಇಟ್ಟುಕೊಂಡು ಆ್ಯಪಿಗೆ ಬಳಕೆಯ ಹಕ್ಕನ್ನಷ್ಟೇ ಕೊಟ್ಟರೆ, ಆ್ಯಪು ಹೋದರೂ ಪಾಠ ಉಳಿಯುತ್ತದೆ. ಕಲಿತವರು ಹೋಗಿ ಮಾತನಾಡಲು ಒಂದು ಸಂತೆ, ಒಂದು ಶಾಲೆ, ಒಂದು ಅಂಗಳ ಉಳಿದಿದೆಯೇ ಎಂಬುದು ಮಾತ್ರ ಯಾವ ಆ್ಯಪೂ ಉತ್ತರಿಸಲಾಗದ ಪ್ರಶ್ನೆ.