ಇಸಿಜಿ ಪಟ್ಟಿಯೂ ಕತ್ತಿನ ಸಿರೆಯೂ

ಹೃದಯ ವೈಫಲ್ಯವೆಂದರೆ ಹೃದಯ ನಿಂತುಹೋಗುವುದಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ಅದು ದೂಡಲಾರದೆ, ಅಥವಾ ಒಳಗಿನ ಒತ್ತಡ ಏರಿದರಷ್ಟೇ ದೂಡಬಲ್ಲದ್ದಾಗಿ, ಶ್ವಾಸಕೋಶದಲ್ಲೂ ಕಾಲಿನಲ್ಲೂ ನೀರು ತುಂಬಿಕೊಳ್ಳುವ ಸ್ಥಿತಿ ಅದು. ಹೃದಯಾಘಾತ ಅದರ ಕಾರಣಗಳಲ್ಲಿ ಒಂದು ಮಾತ್ರ. ಬಹುಕಾಲದ ರಕ್ತದೊತ್ತಡ, ಕವಾಟದ ರೋಗಗಳೂ ಅಲ್ಲಿಗೇ ಒಯ್ಯುತ್ತವೆ. ಆಘಾತ, ವೈಫಲ್ಯ ಎರಡನ್ನೂ ಒಂದೇ ಎಂದು ಬಗೆಯುವ ರೂಢಿಯಿಂದಲೇ ಮೂಡಿಗೆರೆ, ಕಳಸದ ಕಾಫಿ ಸೀಮೆಯಲ್ಲಿ ಇಸಿಜಿಗೆ ಯೋಗ್ಯತೆ ಮೀರಿದ ಕೀರ್ತಿ ಬಂದಿದೆ.

ಆ ಕೀರ್ತಿ ಪೂರ್ತಿ ಪೊಳ್ಳಲ್ಲ. ಮಂಗಳೂರಿನ ಹೃದ್ರೋಗತಜ್ಞ ಡಾ. ಪದ್ಮನಾಭ ಕಾಮತ್ ಅವರ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಕರಾವಳಿ, ಮಲೆನಾಡಿನ ಹಳ್ಳಿ ವೈದ್ಯರಿಗೆ ಇಸಿಜಿ ಯಂತ್ರ ಕೊಟ್ಟು ವಾಟ್ಸ್‌ಆ್ಯಪ್‌ನಲ್ಲೇ ಸಲಹೆ ಸಿಗುವಂತೆ ಮಾಡಿತು. ಮಂಗಳೂರಿನತ್ತ ಚಾರ್ಮಾಡಿ ಘಾಟಿ ಇಳಿಯುವ ಮೊದಲೇ ಆಘಾತ ಪತ್ತೆಯಾಗುವುದು ಸಣ್ಣ ಮಾತಲ್ಲ. ಆದರೆ ಪಟ್ಟಿ ಬರೆಯುವುದು ಹೃದಯದ ವಿದ್ಯುತ್ತನ್ನು, ಒತ್ತಡವನ್ನಲ್ಲ. ಎಲ್ಲ ಬಗೆಯಲ್ಲೂ ಸರಿಯಾಗಿರುವ ಪಟ್ಟಿ ವೈಫಲ್ಯದ ಸಂಭವವನ್ನು ತಗ್ಗಿಸುತ್ತದೆ, ಅಳಿಸುವುದಿಲ್ಲ. ದೂಡುವ ಬಲ ಉಳಿದು ಸ್ನಾಯು ಮಾತ್ರ ಬಿರುಸಾದವರಲ್ಲಿ ಅದು ಸರಿಯಾಗಿಯೇ ಕಾಣಬಹುದು. ‘ಇಸಿಜಿ ನಾರ್ಮಲ್’ ಎಂಬುದನ್ನು ಕೊನೆಯ ಮಾತಾಗಿಸುವುದು ಪಟ್ಟಿಯ ತಪ್ಪಲ್ಲ, ಓದುವವರದು.

ಕಡೆಗಣನೆಗೆ ಒಳಗಾದದ್ದು ಯಾವ ಯಂತ್ರವೂ ಬೇಡದ ಪರೀಕ್ಷೆ: ಕತ್ತಿನ ಸಿರೆ ನೋಡುವುದು. ಬಲಗಡೆಯ ಒಳಸಿರೆ ಹೃದಯದ ಬಲ ಹೃತ್ಕರ್ಣಕ್ಕೆ ಹೆಚ್ಚುಕಡಿಮೆ ನೇರವಾಗಿ ಇಳಿಯುತ್ತದೆ. ಹಾಗಾಗಿ ಅಲ್ಲಿನ ರಕ್ತದ ಮಟ್ಟ ಒಳಗಿನ ಒತ್ತಡದ ಅಳತೆಗೋಲು. ರೋಗಿಯನ್ನು 45 ಡಿಗ್ರಿ ಒರಗಿಸಿ, ಮಿಡಿತದ ತುದಿ ಎದೆಮೂಳೆಯ ಉಬ್ಬಿಗಿಂತ ನೆಟ್ಟಗೆ ಎಷ್ಟು ಎತ್ತರದಲ್ಲಿದೆ ಎಂದು ನೋಡಬೇಕು. 3 ಸೆಂ.ಮೀ. ದಾಟಿದರೆ ಒತ್ತಡ ಏರಿದೆ. ಪಕ್ಕದ ಧಮನಿಯೊಡನೆ ಗೊಂದಲವಾಗದಂತೆ ಗುರುತುಗಳಿವೆ: ಸಿರೆ ಒಂದು ಬಡಿತಕ್ಕೆ ಎರಡು ಸಲ ಅಲುಗುತ್ತದೆ, ಬೆರಳಿಗೆ ಸಿಗುವುದಿಲ್ಲ, ಎದ್ದು ಕೂತರೆ ಇಳಿಯುತ್ತದೆ, ಹೊಟ್ಟೆ ಒತ್ತಿದರೆ ಏರುತ್ತದೆ. ರೋಗ ಬಲಿತಾಗ ತುದಿ ದವಡೆಯ ಹಿಂದೆ ಮರೆಯಾಗುವುದರಿಂದ ನೆಟ್ಟಗೆ ಕೂರಿಸಿ ನೋಡಬೇಕು. ಬೆಂಚಿನ ಮೇಲೆ ಅಂಗಿ ಬಿಚ್ಚಿಸದೆ ಮುಗಿಸುವ ತಪಾಸಣೆಯಲ್ಲಿ ಇದೊಂದೂ ಕಾಣುವುದಿಲ್ಲ.

ನೋಡುವವರು ಬದಲಾದರೆ ಅಳತೆಯೂ ಬದಲಾಗುತ್ತದೆ, ದಪ್ಪ ಕತ್ತಿನಲ್ಲಿ ಸಿರೆಯೇ ಕಾಣದು ಎಂಬುದು ಈ ಪರೀಕ್ಷೆಯನ್ನು ಹಳೆಯದೆನ್ನುವವರ ಆಕ್ಷೇಪ. ಎರಡೂ ನಿಜ. ಸಿರೆ ಉಬ್ಬಿಲ್ಲದ ಮಾತ್ರಕ್ಕೆ ರೋಗವಿಲ್ಲವೆನ್ನಲಾಗದು. ಉಬ್ಬಿದ್ದರೆ ಮಾತ್ರ ಅದು ಬಲವಾದ ಸಾಕ್ಷಿ. ಆದರೆ ಹೃದಯದ ಅಲ್ಟ್ರಾಸೌಂಡ್ ಆದ ಎಕೋದಲ್ಲಿ ಕಾಣುವ ಎಜೆಕ್ಷನ್ ಫ್ರಾಕ್ಷನ್, ಅಂದರೆ ಒಂದು ಬಡಿತದಲ್ಲಿ ಹೃದಯ ಹೊರದೂಡುವ ರಕ್ತದ ಪಾಲು, ಕೂಡ ನೋಡುವವರೊಂದಿಗೆ ಬದಲಾಗುತ್ತದೆ. ಅದಕ್ಕಾಗಿ ಎಕೋವನ್ನು ಯಾರೂ ಕೈಬಿಟ್ಟಿಲ್ಲ. ಹೃದಯ ವೈಫಲ್ಯವನ್ನು ಗುರುತಿಸುವ 1971ರ ಫ್ರೇಮಿಂಗ್‌ಹ್ಯಾಮ್ ಮಾನದಂಡದಲ್ಲಿ ಉಬ್ಬಿದ ಸಿರೆ ಮುಖ್ಯ ಲಕ್ಷಣ, ಕಾಲಿನ ಬಾವು ಗೌಣ. ತಪಾಸಣೆಯಲ್ಲಿ ಮೊದಲು ಒತ್ತಿ ನೋಡುವುದು ಮಾತ್ರ ಕಾಲನ್ನೇ.

ರೋಗ ಪತ್ತೆಯ ಉಳಿದ ಹಂತಗಳು ಚಿಕ್ಕವು. ಮೊದಲು ವಿಚಾರಣೆ: ಕಳೆದ ಕೊಯ್ಲಿನಲ್ಲಿ ನಿಲ್ಲದೆ ಹತ್ತಿದ ತೋಟದ ಏರಿನಲ್ಲಿ ಈಗ ಎಷ್ಟು ಸಲ ನಿಲ್ಲಬೇಕು, ಎಷ್ಟು ದಿಂಬು ಬೇಕು, ನಡುರಾತ್ರಿ ಉಸಿರುಗಟ್ಟಿ ಏಳುವುದುಂಟೇ. ಸೌದೆ ಹೊಗೆಯ ಶ್ವಾಸಕೋಶ ರೋಗ, ರಕ್ತಹೀನತೆಗಳೂ ಏದುಸಿರು ತರುತ್ತವೆ. ಎಲ್ಲವನ್ನೂ ‘ದಮ್ಮು’ ಎಂದು ಒಂದೇ ಗಂಟು ಕಟ್ಟಿದರೆ ಹೃದಯ ತಪ್ಪಿಹೋಗುತ್ತದೆ. ಆಮೇಲೆ ಕತ್ತು, ಎದೆಯ ಸದ್ದು, ಇಸಿಜಿ. ಅನುಮಾನ ಉಳಿದರೆ ಎನ್‌ಟಿ-ಪ್ರೋಬಿಎನ್‌ಪಿ ರಕ್ತಪರೀಕ್ಷೆ: ನಿಧಾನವಾಗಿ ಬಂದ ಏದುಸಿರಿನಲ್ಲಿ ಮಿ.ಲೀ.ಗೆ 125 ಪಿಕೋಗ್ರಾಂಗಿಂತ ಕಡಿಮೆಯಾದರೆ ಹೃದಯ ವೈಫಲ್ಯದ ಸಂಭವ ಕಡಿಮೆ, ತಟ್ಟನೆ ಬಂದದ್ದರಲ್ಲಿ 300ಕ್ಕಿಂತ ಕಡಿಮೆಯಾದರೆ. ಬೊಜ್ಜು ಈ ಅಂಕಿಯನ್ನು ಇಳಿಸುತ್ತದೆ. ವಯಸ್ಸು, ಮೂತ್ರಪಿಂಡದ ರೋಗ ಏರಿಸುತ್ತವೆ. ಕೊನೆಗೆ ಎಕೋ: ಎಜೆಕ್ಷನ್ ಫ್ರಾಕ್ಷನ್ ಶೇಕಡಾ 40 ಅಥವಾ ಕಡಿಮೆ, 41ರಿಂದ 49, 50 ಮತ್ತು ಮೇಲೆ ಎಂದು ಮೂರು ವರ್ಗ. ಮೂರನೆಯದೂ ರೋಗದ ವರ್ಗವೇ. ಅಲ್ಲಿ ಎಕೋ ವರದಿಯ ಅಂಕಿ ಆರೋಗ್ಯವಂತನದು, ಕತ್ತಿನ ಸಿರೆ ರೋಗಿಯದು.