ಎರಡು ಚಿತ್ರಗಳ ನಡುವಿನ ಬಿಡುವು

ಎಫ್‌ಪಿಜಿಎ ಬೋರ್ಡಿನ ಮೇಲೆ ವಿಡಿಯೋ ಫಿಲ್ಟರ್ ಕಟ್ಟಿದವರು ಅದನ್ನು ಎಲ್ಲರೂ ಬಳಸುವ ಮಾದರಿ ಫೋಟೋದ ಮೇಲೆ ಒರೆಗೆ ಹಚ್ಚುವುದೇಕೆ? ಕ್ಯಾಮೆರಾ ಹಿಡಿದು ನಿಲಂಗಾದ ನೀಲಕಂಠೇಶ್ವರ ಗುಡಿಗೆ ಹೋಗಿ. ಕಲ್ಯಾಣ ಚಾಲುಕ್ಯ ಶೈಲಿಯ ಆ ಗುಡಿಯ ಹೊರಗೋಡೆ ಮೂಲೆಮೂಲೆಯಾಗಿ ಮಡಿಚುತ್ತ ಸಾಗುತ್ತದೆ. ಇಳಿಬಿಸಿಲು ಬಿದ್ದಾಗ ಅಂಚು ಹುಡುಕುವ ಸೋಬೆಲ್ ಫಿಲ್ಟರಿನ ಹುಳುಕೆಲ್ಲ ಶಿಲ್ಪಗಳ ಮೇಲೆ ಕಾಣುತ್ತದೆ. ಉಮರ್ಗಾದವರಿಗೆ ತಮ್ಮ ಮಹಾದೇವ ಗುಡಿಯೇ ಹತ್ತಿರ.

ಉದಗೀರದಿಂದ ಕಮಲನಗರ ದಾಟಿ ಭಾಲ್ಕಿ, ಬೀದರಿಗೆ ಎಲೆಕ್ಟ್ರಾನಿಕ್ಸ್ ಓದಲು ಬರುವ ಹುಡುಗ ಹುಡುಗಿಯರಿಗೆ ಇದನ್ನು ವಿಶೇಷವಾಗಿ ಹೇಳುತ್ತಿದ್ದೇನೆ. ಜಿಂಕ್ 7020 ಚಿಪ್ ಇರುವ ಬೋರ್ಡು ಸಾಕು. 1280 x 720ರ ಚಿತ್ರ ಸೆಕೆಂಡಿಗೆ 60 ಸಲ ಬಂದರೆ ಪಿಕ್ಸೆಲ್ ಗಡಿಯಾರದ ವೇಗ 74.25 ಮೆಗಾಹರ್ಟ್ಸ್. 3 x 3 ಫಿಲ್ಟರಿಗೆ ಪೂರ್ತಿ ಚಿತ್ರ ಕೂಡಿಡುವ ಅಗತ್ಯವಿಲ್ಲ. ಹಿಂದಿನ ಎರಡು ಗೆರೆ ಕೈಯಲ್ಲಿದ್ದರೆ, ಮೂರು ತಾಳಿನ ಕೂರಿಗೆಯ ಹಾಗೆ ಮೂರೂ ಸಾಲನ್ನು ಒಟ್ಟಿಗೆ ಹಿಡಿದು ಸಾಗಬಹುದು. ತಡ ಆಗುವುದು ಒಂದು ಗೆರೆಯಷ್ಟು, ಸುಮಾರು 22 ಮೈಕ್ರೋಸೆಕೆಂಡ್. ಚಿತ್ರವನ್ನೇ ಮೆಮೊರಿಗೆ ತುಂಬಿ ತೆಗೆದರೆ 16 ಮಿಲಿಸೆಕೆಂಡ್ ದಾಟುತ್ತದೆ. ನನಗೆ ಆ ದಾರಿ ಒಗ್ಗದು.

ಇನ್ನು, ವಿಡಿಯೋ ಓಡುತ್ತಿರುವಾಗಲೇ ಚಿಪ್ಪಿನ ಒಂದು ಭಾಗವನ್ನಷ್ಟೇ ಮರುಜೋಡಿಸಿ ಫಿಲ್ಟರ್ ಬದಲಿಸುವ ಮಾತು. ಪ್ರತಿ ಚಿತ್ರದ ಕೊನೆಗೆ 30 ಖಾಲಿ ಗೆರೆಗಳಿರುತ್ತವೆ, ಅಂದರೆ 0.67 ಮಿಲಿಸೆಕೆಂಡಿನ ಬಿಡುವು. ಹೊಸ ಜೋಡಣೆಯ ಫೈಲು ಒಳಹೋಗುವ, ಚಿಪ್ಪಿನೊಳಗಿನ ಐಕ್ಯಾಪ್ ಬಾಗಿಲು 32 ಬಿಟ್ ಅಗಲ. 100 ಮೆಗಾಹರ್ಟ್ಸ್‌ನಲ್ಲಿ ಅದರ ಮಿತಿ ಸೆಕೆಂಡಿಗೆ 40 ಕೋಟಿ ಬೈಟ್. ಬಿಡುವಿನಲ್ಲಿ ಒಳಹೋಗುವುದು ಹೆಚ್ಚೆಂದರೆ ಎರಡೂವರೆ ಲಕ್ಷ ಬೈಟ್ ಚಿಲ್ಲರೆ. ಇಡೀ ಚಿಪ್ಪಿನ ಫೈಲು 40 ಲಕ್ಷ ಬೈಟ್. ಅದು ಈ ಬಿಡುವಿನಲ್ಲಿ ಹಿಡಿಯುವ ಮಾತೇ ಇಲ್ಲ. ಬದಲಾಗುವ ಭಾಗದ ಫೈಲು ಎಷ್ಟು ದೊಡ್ಡದೆಂಬುದನ್ನು ಒಳಗಿನ ಸರ್ಕ್ಯೂಟಿಗಿಂತ ಅದಕ್ಕೆ ನೀವು ಗುರುತಿಸಿಟ್ಟ ಜಾಗವೇ ತೀರ್ಮಾನಿಸುತ್ತದೆ. ಆದ್ದರಿಂದ ಗೆರೆ ಹಿಡಿದಿಡುವ ಮೆಮೊರಿಯನ್ನು ಬದಲಾಗದ ಭಾಗದಲ್ಲೇ ಬಿಡಿ, ಲೆಕ್ಕ ಮಾಡುವ ತುಣುಕನ್ನಷ್ಟೇ ಬದಲಿಸಿ. ಈ ಹಂಚಿಕೆಯಲ್ಲಿಯೇ ಕಟ್ಟುವವರ ಕೈಗುಣ ತಿಳಿಯುವುದು.

ಸೋಬೆಲ್, ಮೀಡಿಯನ್ ಎರಡೇ ಬೇಕಾದರೆ ಇಷ್ಟೆಲ್ಲ ಯಾಕೆ, ಪಕ್ಕಪಕ್ಕ ಇಟ್ಟು ಸ್ವಿಚ್ ಕೊಡಿ. ಈ ಚಿಪ್ಪಿನ 53,200 ಎಲ್‌ಯುಟಿಗಳಲ್ಲಿ, ಅಂದರೆ ತರ್ಕ ಕಟ್ಟುವ ಪುಟ್ಟ ಕೋಷ್ಟಕಗಳಲ್ಲಿ, ಧಾರಾಳವಾಗಿ ಹಿಡಿಯುತ್ತವೆ. ಒಂದೊಂದೇ ಚಿಪ್ಪಿನ ಬಹುಪಾಲು ತಿನ್ನುವ ಕೆಲಸಗಳು, ಉದಾಹರಣೆಗೆ ಚಲನೆಯ ದಿಕ್ಕು ಅಳೆಯುವುದು, ಸರದಿಯಲ್ಲಿ ಬೇಕಾದಾಗ ಮರುಜೋಡಣೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಆದರೆ ಅಷ್ಟು ದೊಡ್ಡ ಜಾಗದ ಫೈಲು ಬಿಡುವಿನಲ್ಲಿ ಹಿಡಿಯದು. ಅಲ್ಲಿ ಹಳೆಯ ಚಿತ್ರವನ್ನೇ ಮತ್ತೊಮ್ಮೆ ತೋರಿಸಬೇಕಾಗುತ್ತದೆ.

ಬದಲಾವಣೆ ನಡೆಯುವಾಗ ಆ ಭಾಗದಿಂದ ಅರ್ಥವಿಲ್ಲದ ಸಂಕೇತಗಳು ಹೊರಬೀಳುತ್ತವೆ. ಅವನ್ನು ತಡೆಯುವ ಗೇಟನ್ನು ಹೊಸ ಚಿತ್ರದ ಮೊದಲ ಗೆರೆಗೇ ತೆರೆಯಿರಿ. ನಡುವೆ ತೆರೆದರೆ ಮೇಲರ್ಧ ಒಂದು ಚಿತ್ರ, ಕೆಳಗರ್ಧ ಇನ್ನೊಂದು.