ತೊಟ್ಟ ಅಂಗಿಯ ಬೆಲೆ

ರಗ್ಬಿ ಎಂದರೆ ಊರಿನಲ್ಲಿರುವ ನಿಮಗೆ ದೂರದ ಮಾತು. ಮೊಟ್ಟೆಯಾಕಾರದ ಚೆಂಡು, ಮೈತುಂಬ ಕೆಸರು, ಒಬ್ಬರ ಮೇಲೊಬ್ಬರು ಬೀಳುವ ಆಳುಗಳು. ಟಿ.ವಿ.ಯಲ್ಲಿ ಕಂಡರೆ ಚಾನೆಲ್ ಬದಲಿಸುವವರೇ ಹೆಚ್ಚು. ಮುಂಬಯಿಗೆ ಇದು ಅಷ್ಟು ಅಪರಿಚಿತವಲ್ಲ. ಘಾಟ್ಕೋಪರಿನಲ್ಲಿ ಲೋಕಲ್ ಹತ್ತಿ ಸೆಂಟ್ರಲ್ ಲೈನಿನ ಕೊನೆಯ ಸ್ಟೇಷನ್ನಿನಲ್ಲಿ ಇಳಿದು ಆಜಾದ್ ಮೈದಾನದ ಕಡೆ ನಡೆದರೆ, 1875ರಲ್ಲಿ ಶುರುವಾದ ಬಾಂಬೆ ಜಿಮ್ಖಾನಾ ಸಿಗುತ್ತದೆ. ಮಳೆಗಾಲದಲ್ಲಿ ಅಲ್ಲಿ ರಗ್ಬಿ ಆಡುತ್ತಾರೆ.

ಆದರೆ ನಾನು ಹೇಳಹೊರಟದ್ದು ಆಟದ ಬಗ್ಗೆ ಅಲ್ಲ. ಪರದೇಶಕ್ಕೆ ಆಡಲು ಹೋದ ತಂಡಗಳ ಆಟಗಾರರು ತೊಟ್ಟು ಬಿಚ್ಚಿದ ಜೆರ್ಸಿಗಳನ್ನು ಕೂಡಿಡುವ ಹವ್ಯಾಸ ಒಂದಿದೆ, ಅದರ ಬಗ್ಗೆ. ಬೇರೆಯವರ ಬೆವರಿನ ಅಂಗಿಗೆ ಲಕ್ಷಗಟ್ಟಲೆ ಸುರಿಯುವುದು ಹುಚ್ಚು ಅಂತ ತಳ್ಳಿಹಾಕುವುದು ಸುಲಭ. ಹಾಗೆ ತಳ್ಳುವ ಮೊದಲು ಒಂದು ಅಂಗಿಯ ಕಥೆ ನೋಡೋಣ.

1905ರಲ್ಲಿ ನ್ಯೂಜಿಲೆಂಡಿನ ತಂಡ ಹಡಗು ಹತ್ತಿ ಬ್ರಿಟನ್ನಿಗೆ ಬಂತು. ಆರು ತಿಂಗಳಿಗೂ ಮಿಕ್ಕಿ ಮನೆ ಬಿಟ್ಟು ತಿರುಗಿ 35 ಪಂದ್ಯ ಆಡಿತು. ಸೋತದ್ದು ಒಂದೇ ಒಂದು: ಡಿಸೆಂಬರ್ 16ರಂದು ಕಾರ್ಡಿಫ್‌ನಲ್ಲಿ ವೇಲ್ಸ್ ವಿರುದ್ಧ, 3-0. ನ್ಯೂಜಿಲೆಂಡಿನ ಬಾಬ್ ಡೀನ್ಸ್ ಗೆರೆ ಮುಟ್ಟಿದ್ದನೋ ಇಲ್ಲವೋ ಅಂತ ಇವತ್ತಿಗೂ ಜಗಳ ಇದೆ. ಆ ದಿನ ನಾಯಕ ಡೇವ್ ಗ್ಯಾಲಹರ್ ತೊಟ್ಟಿದ್ದ ಕಪ್ಪು ಜೆರ್ಸಿ ವೇಲ್ಸಿನ ನಾಯಕ ಗ್ವಿನ್ ನಿಕಲ್ಸ್ ಕೈ ಸೇರಿತು. 2015ರಲ್ಲಿ ಕಾರ್ಡಿಫ್‌ನ ಹರಾಜಿನಲ್ಲಿ ಅದು 1 ಲಕ್ಷ 80 ಸಾವಿರ ಪೌಂಡಿಗೆ ಹೋಯಿತು.

ಪತ್ರಿಕೆಗಳು ಬರೆದದ್ದು ಆ ಮೊತ್ತದ ಬಗ್ಗೆ. ಹೊರನಾಡಿನಲ್ಲಿ ಬಾಳುವ ನಮ್ಮ ಕಣ್ಣಿಗೆ ಬೀಳಬೇಕಾದದ್ದು ಬೇರೆ. ಗ್ಯಾಲಹರ್ ಹುಟ್ಟಿದ್ದು ಐರ್ಲೆಂಡಿನ ರಾಮೆಲ್ಟನ್‌ನಲ್ಲಿ. ಮನೆಯವರು 1878ರಲ್ಲಿ ಅವನನ್ನು ಕಟ್ಟಿಕೊಂಡು ನ್ಯೂಜಿಲೆಂಡಿಗೆ ವಲಸೆ ಹೋದಾಗ ಅವನಿನ್ನೂ ಮಗು. ವಲಸೆ ಹೋದ ನಾಡಿನ ಅಂಗಿ ತೊಟ್ಟೇ ಅವನು ಮತ್ತೆ ಈ ಕಡೆಗೆ ಬಂದದ್ದು. 1917ರ ಅಕ್ಟೋಬರ್ 4ರಂದು ಮೊದಲ ಮಹಾಯುದ್ಧದಲ್ಲಿ ಸತ್ತ. ಅವನ ಸಮಾಧಿ ಇರುವುದು ಬೆಲ್ಜಿಯಮ್ಮಿನಲ್ಲಿ. ಹುಟ್ಟಿದ ಊರೂ ಅಲ್ಲ, ಬೆಳೆದ ಊರೂ ಅಲ್ಲ. ಅಂಗಿ ಉಳಿದದ್ದು ಎದುರಾಳಿಯ ನಾಡಿನಲ್ಲಿ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಆ ಅಂಗಿಯನ್ನು ನೂರಕ್ಕೂ ಹೆಚ್ಚು ವರ್ಷ ಉಳಿಸಿದ್ದು ಮಾರುಕಟ್ಟೆಯಲ್ಲ. ಯಾರದು, ಯಾವತ್ತಿನದು ಅಂತ ಗೊತ್ತಿದ್ದವರು ಇಟ್ಟುಕೊಂಡರು, ಅಷ್ಟೇ. ಇಡುವುದು ಮೊದಲು, ಬೆಲೆ ಆಮೇಲೆ. ಈಗಿನ ಹವ್ಯಾಸದಲ್ಲಿ ಇದು ತಿರುವುಮುರುವಾಗಿದೆ ಎಂಬುದೇ ನನ್ನ ತಕರಾರು. ಹಿಂದೆ ದಪ್ಪ ಹತ್ತಿಯ ಜೆರ್ಸಿ ಕೆಸರು ಕುಡಿಯುತ್ತಿತ್ತು, ಹರಿದಲ್ಲಿ ಹೊಲಿಗೆ ಬೀಳುತ್ತಿತ್ತು. ಆ ಹೊಲಿಗೆಯನ್ನು ಹಳೆಯ ಫೋಟೋ ಜೊತೆ ಹೋಲಿಸಿ ಇದೇ ಅದು ಅಂತ ಹೇಳಬಹುದಿತ್ತು. ಈಗ ಪಾಲಿಯೆಸ್ಟರು. ಕೆಲವರು ಅರ್ಧ ಆಟಕ್ಕೊಂದು ಅಂಗಿ ಬದಲಿಸುತ್ತಾರೆ. ಮೈಮೇಲೆ ಇರುವಾಗಲೇ ಅದು ಮಾರಾಟದ ಮಾಲು. ಸಹಿ ಇದೆ, ಸರ್ಟಿಫಿಕೇಟು ಇದೆ, ಗಾಜಿನ ಚೌಕಟ್ಟೂ ಇದೆ. ಕಥೆ ಮಾತ್ರ ಇಲ್ಲ ಮಾರಾಯ್ರೆ.

ಅಂಗಿ ಬದಲಾಯಿಸುವುದು ಘಾಟ್ಕೋಪರಿಗೆ ಹೊಸತಲ್ಲ. ಸ್ಟೀಲ್ ಪಾತ್ರೆಯ ಬುಟ್ಟಿ ಹೊತ್ತು ಕಟ್ಟಡದ ಕೆಳಗೆ ಕೂಗುವ ಹೆಂಗಸರು ಹಳೆಯ ಪ್ಯಾಂಟು-ಶರ್ಟು ಎಳೆದು, ಬೆಳಕಿಗೆ ಹಿಡಿದು, ತೂತು ಹುಡುಕಿ, ಆಮೇಲೆ ಒಂದು ಡಬ್ಬವನ್ನೋ ಪಾತೇಲಿಯನ್ನೋ ಕೊಡುತ್ತಾರೆ. ಹರಾಜಿನ ಪರಿಣತರಿಗಿಂತ ಅವರ ಪರೀಕ್ಷೆ ಕಡಿಮೆಯದಲ್ಲ. ಆದರೆ ತೊಟ್ಟವರು ಯಾರು ಅಂತ ಅವರು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಕೇಳಬೇಕಾದವರು ಕೊಡುವ ನಾವು.

ಯಾಕೆಂದರೆ ನಮ್ಮವರೂ ಇಲ್ಲಿ ಪರದೇಶದ ತಂಡದ ಹಾಗೆಯೇ ಬಂದವರು. ಮಾಟುಂಗಾದಲ್ಲಿ 1926ರಲ್ಲಿ ಮೈಸೂರು ಅಸೋಸಿಯೇಷನ್ ಕಟ್ಟಿದರು, 1933ರಲ್ಲಿ ಕರ್ನಾಟಕ ಸಂಘ ಕಟ್ಟಿದರು. ಕ್ರಾಸ್ ಮೈದಾನದಲ್ಲಿ ಕರ್ನಾಟಕ ಸ್ಪೋರ್ಟಿಂಗ್ ಅಸೋಸಿಯೇಷನ್ ಎಂಬ ಕ್ರಿಕೆಟ್ ಕ್ಲಬ್ಬೇ ಇದೆ. 1948ರಲ್ಲಿ ಶುರುವಾದ ಕಾಂಗಾ ಲೀಗು ನಡೆಯುವುದೂ ಮಳೆಯಲ್ಲೇ, ಕೆಸರಲ್ಲೇ. ಹೋಟೆಲ್ ಹುಡುಗರು ರಜೆಯ ದಿನ ಆಡಿದ ಕಬಡ್ಡಿ, ವಾಲಿಬಾಲ್ ಎಷ್ಟು! ನಮ್ಮ ಸಂಘಗಳ ಸ್ಮರಣ ಸಂಚಿಕೆಗಳನ್ನು ತೆರೆದು ನೋಡಿ: ಅಧ್ಯಕ್ಷರ ಫೋಟೋ ಇರುತ್ತದೆ, ದಾನಿಗಳ ಪಟ್ಟಿ ಇರುತ್ತದೆ. ಬೆನ್ನ ಮೇಲೆ ಸಂಘದ ಹೆಸರು ಬರೆಸಿಕೊಂಡು ಆಡಿದ ಬನಿಯನ್ನು ಯಾರ ಕಪಾಟಿನಲ್ಲಿದೆ? ಬಹುಪಾಲು ಪಾತೇಲಿಯಾಗಿದೆ.

2025ರ ಜೂನ್‌ನಲ್ಲಿ ರಗ್ಬಿ ಪ್ರೀಮಿಯರ್ ಲೀಗಿನ ಮೊದಲ ಋತು ನಡೆದದ್ದು ಅಂಧೇರಿಯ ಕ್ರೀಡಾ ಸಂಕೀರ್ಣದಲ್ಲಿ. ಘಾಟ್ಕೋಪರಿನಿಂದ ಮೆಟ್ರೋದಲ್ಲಿ ಆಜಾದ್ ನಗರಕ್ಕೆ ನೇರ ದಾರಿ. ಆರು ತಂಡಗಳಲ್ಲಿ ಒಂದರ ಹೆಸರು ಬೆಂಗಳೂರು ಬ್ರೇವ್‌ಹಾರ್ಟ್ಸ್. ಹೆಸರು ಬೆಂಗಳೂರಿನದು, ಆಟಗಾರರಲ್ಲಿ ಪರದೇಶದವರೂ ಇದ್ದರು, ಆಡಿದ್ದೆಲ್ಲ ಮುಂಬಯಿಯಲ್ಲಿ. ಇದಕ್ಕಿಂತ ಹೊರನಾಡಿನ ಅಂಗಿ ಯಾವುದಿದೆ? ಆ ಜೆರ್ಸಿಗೆ ಮುಂದೆ ಬೆಲೆ ಬರುತ್ತದೋ ಇಲ್ಲವೋ, ಅದು ಸಂಗ್ರಾಹಕರ ತಲೆನೋವು. ಕೂಡಿಡುವವರು ಜೊತೆಗೊಂದು ಚೀಟಿ ಇಡಲಿ: ಯಾರು ತೊಟ್ಟದ್ದು, ಯಾವ ದಿನ, ಎಲ್ಲಿಂದ ಬಂದವರು, ಗೆದ್ದರೋ ಸೋತರೋ.

ಇದಕ್ಕೆ ದುಡ್ಡು ಬೇಡ. ನಮ್ಮ ಸಂಘಗಳೂ ಮಾಡಬಹುದು. ಮೊದಲ ತಲೆಮಾರಿನ ಆಟಗಾರರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಬಟ್ಟೆ ಉಳಿದರೂ ಅದು ಯಾರದ್ದೆಂದು ಹೇಳುವವರು ಉಳಿಯದಿದ್ದರೆ ಅದು ಬರೀ ಹಳೆಯ ಬಟ್ಟೆ.